ಲಿಸ್ಬನ್‌ನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ: ಡಿ-8 ವೀಸಾದಿಂದ ಬಾಡಿಗೆ ಕರಾರಿನವರೆಗೆ

ಲಿಸ್ಬನ್‌ಗೆ ಹೋಗಿ ಅಲ್ಲಿಂದಲೇ ಕೆಲಸ ಮಾಡಬೇಕು ಅನ್ನುವವರು ಮೊದಲು ವೀಸಾ ಬಗ್ಗೆ ಕೇಳುತ್ತಾರೆ, ಆಮೇಲೆ ಬಾಡಿಗೆ ಬಗ್ಗೆ. ಗಡಿಯಾರದ ಬಗ್ಗೆ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಬಂದ ಮೊದಲ ನವೆಂಬರಿನಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಕಂಬಳಿ ಹೊದ್ದು, ಕ್ಯಾಮೆರಾ ಆಫ್ ಮಾಡಿ ಬೆಂಗಳೂರಿನ ಹತ್ತು ಗಂಟೆಯ ಮೀಟಿಂಗಿಗೆ ಕೂತಾಗಲೇ ಲೆಕ್ಕ ತಪ್ಪಿದ್ದು ಗೊತ್ತಾಯಿತು. ಅದಕ್ಕೇ ಇಲ್ಲಿ ಗಡಿಯಾರದಿಂದಲೇ ಶುರು ಮಾಡುತ್ತೇನೆ. ವೀಸಾ ಆಮೇಲೆ.

ಹೆಜ್ಜೆ 1: ಒಂದು ವಾರ ಲಿಸ್ಬನ್ ಗಂಟೆಯಲ್ಲಿ ಬದುಕಿ ನೋಡಿ

ಪೋರ್ಚುಗಲ್ ಯುರೋಪಿನ ಪಶ್ಚಿಮದ ಅಂಚಿನಲ್ಲಿದೆ. ಅದರ ಗಡಿಯಾರ ಪಕ್ಕದ ಸ್ಪೇನಿನದಲ್ಲ, ಲಂಡನ್ನಿನದು. ಚಳಿಗಾಲದಲ್ಲಿ ಭಾರತಕ್ಕಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಮುಳ್ಳು ಬದಲಾಗುತ್ತದೆ. ಭಾರತದ್ದು ಬದಲಾಗುವುದಿಲ್ಲವಾದ್ದರಿಂದ ನಿಮ್ಮ ಮೀಟಿಂಗುಗಳೆಲ್ಲ ವರ್ಷಕ್ಕೆ ಎರಡು ಸಲ ಒಂದು ಗಂಟೆ ಜರುಗುತ್ತವೆ.

ಬೆಂಗಳೂರಿನ ಹತ್ತರಿಂದ ಏಳು ಅಂದರೆ ಇಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಯಿಂದ ಒಂದೂವರೆ. ಮಧ್ಯಾಹ್ನ ಪೂರ್ತಿ ನಿಮ್ಮದೇ ಅನ್ನುವುದು ನಿಜ. ಆದರೆ ಡಿಸೆಂಬರಿನಲ್ಲಿ ಸೂರ್ಯ ಏಳುವುದು ಎಂಟು ಗಂಟೆಯ ಹತ್ತಿರ. ಮೂರು ಗಂಟೆ ಕತ್ತಲಲ್ಲಿ ಕೆಲಸ, ರಾತ್ರಿ ಎಂಟೂವರೆಗೆ ನಿದ್ದೆ. ಇಲ್ಲಿನ ಜನ ಊಟಕ್ಕೆ ಕೂರುವುದೇ ಎಂಟರ ಮೇಲೆ. ಹೀಗಾಗಿ ನಿಮಗೆ ಗೆಳೆಯರು ಸಿಗುವುದು ಕಷ್ಟ.

ಹೋಗುವ ಮುಂಚೆ ಒಂದು ವಾರ ಮನೆಯಲ್ಲೇ ಪರೀಕ್ಷೆ ಮಾಡಿ. ರಾತ್ರಿ ಎಂಟೂವರೆಗೆ ಮಲಗಿ, ನಾಲ್ಕಕ್ಕೆ ಎದ್ದು, ನಾಲ್ಕೂವರೆಗೆ ಲ್ಯಾಪ್‌ಟಾಪ್ ಮುಂದೆ ಕೂತುಬಿಡಿ. ಗುರುವಾರದ ಹೊತ್ತಿಗೆ ಮನೆಯವರ ಮೇಲೆ ರೇಗಾಡತೊಡಗಿದರೆ ನಿಮಗೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ನನ್ನ ಅಭಿಪ್ರಾಯ ನೇರ. ನಿಮ್ಮ ಕ್ಲೈಂಟು ಲಂಡನ್ನಿನವರಾಗಿದ್ದರೆ ಕಣ್ಣು ಮುಚ್ಚಿಕೊಂಡು ಹೊರಡಿ, ಗಂಟೆ ಒಂದೇ. ನ್ಯೂಯಾರ್ಕಿನವರಾಗಿದ್ದರೂ ಹೊರಡಿ, ಅವರ ಬೆಳಗಿನ ಒಂಬತ್ತು ಇಲ್ಲಿ ಮಧ್ಯಾಹ್ನ ಎರಡು, ಬೆಂಗಳೂರಿನಲ್ಲಿ ಕಣ್ಣುರಿಸಿಕೊಂಡು ಮಾಡುತ್ತಿದ್ದ ರಾತ್ರಿ ಪಾಳಿ ತಪ್ಪುತ್ತದೆ. ಭಾರತದಲ್ಲೇ ಇರುವ ಹತ್ತು ಜನರ ತಂಡವನ್ನು ನಡೆಸುವವರಾಗಿದ್ದರೆ ಮಾತ್ರ ಮೂರು ಸಲ ಯೋಚಿಸಿ. ಕೆಲಸದ ಹೊತ್ತು ಮುಗಿದ ಮೇಲೆ ನೌಕರರಿಗೆ ಫೋನ್ ಮಾಡಬಾರದು ಅಂತ ಪೋರ್ಚುಗಲ್ 2021ರಲ್ಲೇ ಕಾನೂನು ಮಾಡಿದೆ. ಬೆಂಗಳೂರಿನ ಮ್ಯಾನೇಜರಿಗೆ ಅದನ್ನು ಹೇಳಿ ನೋಡಿ, ನಗುತ್ತಾರೆ.

ಹೆಜ್ಜೆ 2: ಕಂಪನಿಯಿಂದ ಲಿಖಿತ ಒಪ್ಪಿಗೆ

"ವರ್ಕ್ ಫ್ರಮ್ ಎನಿವೇರ್" ಅಂತ ಆಫರ್ ಲೆಟರಿನಲ್ಲಿದ್ದರೆ ಸಾಲದು. ನೀವು ಪೋರ್ಚುಗಲ್‌ನಲ್ಲಿ ಕೂತು ಕೆಲಸ ಮಾಡುವುದಕ್ಕೆ ಕಂಪನಿಯ ಒಪ್ಪಿಗೆಯಿದೆ, ನಿಮ್ಮ ಹುದ್ದೆ ಇದು, ತಿಂಗಳ ಸಂಬಳ ಇಷ್ಟು ಎಂದು ಲೆಟರ್‌ಹೆಡ್ಡಿನ ಮೇಲೆ ಬರೆದ ಪತ್ರ ಬೇಕು. ಎಚ್‌ಆರ್ ಹಿಂದೇಟು ಹಾಕುವುದಕ್ಕೆ ಕಾರಣವಿದೆ. ಒಬ್ಬ ನೌಕರ ಇನ್ನೊಂದು ದೇಶದಲ್ಲಿ ಕಾಯಂ ಆಗಿ ಕೂತರೆ, ಕಂಪನಿಗೇ ಅಲ್ಲೊಂದು ಕಚೇರಿ ಇದ್ದ ಹಾಗೆ ಎಂದು ಅಲ್ಲಿನ ತೆರಿಗೆಯವರು ಲೆಕ್ಕ ಹಾಕಬಹುದು. ಗ್ರಾಹಕರ ಮಾಹಿತಿ ದೇಶ ಬಿಟ್ಟು ಹೊರಗೆ ಹೋಗುವ ತಲೆನೋವು ಬೇರೆ. ಬಹಳಷ್ಟು ಕಂಪನಿಗಳು ತೊಂಬತ್ತು ದಿನ ಅಂದರೆ ಹೂಂ ಅನ್ನುತ್ತವೆ, ವರ್ಷ ಅಂದರೆ ಊಹೂಂ. ಆಗ ಉಳಿಯುವ ದಾರಿ ರಾಜೀನಾಮೆ ಕೊಟ್ಟು ಅದೇ ಕಂಪನಿಗೆ ಸ್ವತಂತ್ರ ಗುತ್ತಿಗೆದಾರರಾಗುವುದು. ಹಾಗೆ ಮಾಡಿದರೆ ಪಿಎಫ್, ಗ್ರಾಚ್ಯುಟಿ, ಕಂಪನಿಯ ಆರೋಗ್ಯ ವಿಮೆ ಮೂರೂ ಕೈಬಿಡುತ್ತವೆ. ಆ ನಷ್ಟವನ್ನು ನಿಮ್ಮ ದರದಲ್ಲಿ ಸೇರಿಸಿ ಕೇಳಿ.

ಯಾರಿಗೂ ಹೇಳದೆ ಪ್ರವಾಸಿ ವೀಸಾದಲ್ಲಿ ಬಂದು ವಿಪಿಎನ್ ಹಾಕಿಕೊಂಡು ಕೆಲಸ ಮಾಡುವವರೂ ಇದ್ದಾರೆ. ಪೋರ್ಚುಗಲ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ಪ್ರವಾಸಿ ವೀಸಾ ಕೆಲಸಕ್ಕಲ್ಲ. 180 ದಿನಗಳಲ್ಲಿ 90 ದಿನದ ಮಿತಿಯೂ ಅದಕ್ಕಿದೆ. 2025ರ ಅಕ್ಟೋಬರಿನಿಂದ ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆದು ಒಳಬಂದ ದಿನ, ಹೊರಹೋದ ದಿನ ಎರಡನ್ನೂ ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿ ಶುರುವಾಗಿದೆ. ಮುದ್ರೆ ಮಸುಕಾಗಿದೆ ಅಂತ ನುಣುಚಿಕೊಳ್ಳುವ ಕಾಲ ಹೋಯಿತು.

ಹೆಜ್ಜೆ 3: ಡಿ-8ರಲ್ಲಿ ಯಾವುದು ನಿಮ್ಮದು

ದೂರದಿಂದ ಕೆಲಸ ಮಾಡುವವರಿಗೆಂದೇ ಪೋರ್ಚುಗಲ್ 2022ರ ಅಕ್ಟೋಬರ್ 30ರಿಂದ ಒಂದು ವೀಸಾ ತಂದಿತು. ಎಲ್ಲರೂ ಡಿ-8 ಅನ್ನುತ್ತಾರೆ. ಅದರಲ್ಲಿ ಎರಡು ಬಗೆ. ಒಂದು ತಾತ್ಕಾಲಿಕ ವಾಸದ್ದು, ಒಂದು ವರ್ಷದೊಳಗಿನದು. ಇನ್ನೊಂದು ನಿವಾಸದ ವೀಸಾ: ನಾಲ್ಕು ತಿಂಗಳ ಅವಧಿ, ಎರಡು ಸಲ ಒಳಗೆ ಬರಬಹುದು, ಆ ಅವಧಿಯಲ್ಲಿ ಅಲ್ಲಿನ ವಲಸೆ ಇಲಾಖೆಯಾದ ಐಮಾದಲ್ಲಿ ಹಾಜರಾಗಿ ಎರಡು ವರ್ಷದ ನಿವಾಸ ಕಾರ್ಡು ಪಡೆಯಬೇಕು. ಆಮೇಲೆ ನವೀಕರಣ ಮೂರು ವರ್ಷಕ್ಕೆ.

ಆದಾಯದ ಮಿತಿ ಅಲ್ಲಿನ ಕನಿಷ್ಠ ವೇತನದ ನಾಲ್ಕರಷ್ಟು. 2025ರಲ್ಲಿ ಕನಿಷ್ಠ ವೇತನ 870 ಯೂರೊ ಇತ್ತು, ಅಂದರೆ ತಿಂಗಳಿಗೆ 3480 ಬೇಕಿತ್ತು. 2026ಕ್ಕೆ ಅದು 920 ಆಗಿ, ಮಿತಿ 3680ಕ್ಕೆ ಏರಿತು. ಯೂರೊಗೆ ನೂರು ರೂಪಾಯಿ ಎಂದಿಟ್ಟರೂ ಮೂರು ಲಕ್ಷದ ಅರವತ್ತೆಂಟು ಸಾವಿರ, ಅದೂ ತಿಂಗಳಿಗೆ. ಹಿಂದಿನ ಮೂರು ತಿಂಗಳ ಸರಾಸರಿ ನೋಡುತ್ತಾರೆ. ಜನವರಿಯಲ್ಲಿ ಮಿತಿ ಏರುವ ರೂಢಿ ಇರುವುದರಿಂದ, ಅಂಚಿನಲ್ಲಿ ಇರುವವರು ಡಿಸೆಂಬರಿನೊಳಗೆ ಅರ್ಜಿ ಹಾಕುವುದು ಜಾಣತನ. ಇದರ ಜೊತೆಗೆ ಕನಿಷ್ಠ ವೇತನದ ಹನ್ನೆರಡರಷ್ಟು, ಅಂದರೆ ಸುಮಾರು 11 ಸಾವಿರ ಯೂರೊ, ಉಳಿತಾಯ ಖಾತೆಯಲ್ಲಿ ತೋರಿಸಲು ಸಿದ್ಧರಿರಿ. ವರ್ಷಕ್ಕೊಮ್ಮೆ ಬರುವ ಬೋನಸ್, ಕಂಪನಿಯ ಷೇರು ಇವನ್ನು ನೆಚ್ಚಿಕೊಳ್ಳಬೇಡಿ. ಅವರಿಗೆ ಕಾಣಬೇಕಾದದ್ದು ತಿಂಗಳು ತಿಂಗಳು ಖಾತೆಗೆ ಬಿದ್ದ ಮೊತ್ತ.

ಒಂದು ಎಚ್ಚರಿಕೆ. ಪ್ರವಾಸಿಯಾಗಿ ಬಂದು, ಅಲ್ಲೇ ಕೆಲಸ ಹುಡುಕಿಕೊಂಡು, ಆಮೇಲೆ ಕಾಗದ ಸರಿ ಮಾಡಿಕೊಳ್ಳುವ ಒಂದು ದಾರಿ ಪೋರ್ಚುಗಲ್‌ನಲ್ಲಿ ಬಹಳ ಕಾಲ ಇತ್ತು. ಅದನ್ನು 2024ರ ಜೂನ್‌ನಲ್ಲಿ ಮುಚ್ಚಿದರು. ಆ ದಾರಿಯನ್ನು ಈಗಲೂ ಮಾರುವ ಏಜೆಂಟರಿದ್ದಾರೆ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಸಂಸಾರ ಕರೆದುಕೊಂಡು ಹೋಗುವವರು ಇನ್ನೊಂದು ವಿಷಯ ಗಮನಿಸಿ: 2025ರ ಅಕ್ಟೋಬರಿನಲ್ಲಿ ಬಂದ ಹೊಸ ವಿದೇಶಿಯರ ಕಾಯ್ದೆ ಕುಟುಂಬವನ್ನು ಆಮೇಲೆ ಕರೆಸಿಕೊಳ್ಳುವ ನಿಯಮವನ್ನು ಬಿಗಿ ಮಾಡಿದೆ. "ಮೊದಲು ನಾನು ಹೋಗಿ ನೆಲೆಯಾಗ್ತೀನಿ, ನೀವು ಹಿಂದೆ ಬನ್ನಿ" ಎಂದು ಹೆಂಡತಿ ಮಕ್ಕಳಿಗೆ ಮಾತು ಕೊಡುವ ಮುಂಚೆ ವಕೀಲರನ್ನು ಕೇಳಿ.

ಹೆಜ್ಜೆ 4: ಕಾಗದಪತ್ರ, ಮತ್ತು ನಮ್ಮ ಇನಿಷಿಯಲ್ ಎಂಬ ತಲೆನೋವು

ಪಟ್ಟಿ ಉದ್ದವಿದೆಯಾದರೂ ಕಷ್ಟದ್ದೇನಲ್ಲ. ಪಾಸ್‌ಪೋರ್ಟ್, ಫೋಟೊ, ಕೆಲಸದ ಒಪ್ಪಂದ, ಮೂರು ತಿಂಗಳ ಸಂಬಳದ ಚೀಟಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್, ಭಾರತದಲ್ಲಿ ತೆರಿಗೆ ನಿವಾಸಿ ಎನ್ನುವುದಕ್ಕೆ ದಾಖಲೆ, 30 ಸಾವಿರ ಯೂರೊ ಭರಿಸುವ ಪ್ರಯಾಣ ವಿಮೆ, ಪೋರ್ಚುಗಲ್‌ನಲ್ಲಿ ಇರುವ ಮನೆಯ ಪುರಾವೆ, ಪೊಲೀಸ್ ಕ್ಲಿಯರೆನ್ಸ್. ಕೊನೆಯದಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿ, ಕೈಗೆ ಬಂದ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಹೊರದೇಶದಲ್ಲೂ ಒಪ್ಪುವ ದೃಢೀಕರಣ, ಮಾಡಿಸಬೇಕು. ಇದನ್ನು ಎಲ್ಲಕ್ಕಿಂತ ಕೊನೆಯಲ್ಲಿ ತೆಗೆಸಿ. ಹಳೆಯದಾದರೆ ಇನ್ನೊಮ್ಮೆ ಠಾಣೆಗೆ ಅಲೆಯಬೇಕು. ಮದುವೆ ನೋಂದಣಿ ಪತ್ರದಂಥವಕ್ಕೆ ಅಪೊಸ್ಟಿಲ್‌ಗೆ ಮುಂಚೆ ರಾಜ್ಯ ಸರ್ಕಾರದ ದೃಢೀಕರಣವೂ ಬೇಕು. ಹಳೆಯ ಪತ್ರ ಬರೀ ಕನ್ನಡದಲ್ಲಿದ್ದರೆ ಅನುವಾದವೂ ಬೇಕು.

ನಿಜವಾದ ರಗಳೆ ಹೆಸರಿನದು. ಪೋರ್ಚುಗೀಸರ ಪ್ರತಿ ಅರ್ಜಿಯಲ್ಲೂ "ನೋಮ್ ಪ್ರೋಪ್ರಿಯೊ" ಅಂತ ಒಂದು ಕಡೆ, "ಅಪೆಲಿಡೊ" ಅಂತ ಇನ್ನೊಂದು ಕಡೆ ಇರುತ್ತದೆ: ಕೊಟ್ಟ ಹೆಸರು, ಮನೆತನದ ಹೆಸರು. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಮುಂದೆ ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಅದು ಬಿಚ್ಚಿಕೊಂಡು ಊರಿನ ಹೆಸರೇ ಸರ್‌ನೇಮ್ ಆಗಿಬಿಟ್ಟಿರುತ್ತದೆ, ಅಥವಾ ಆ ಜಾಗ ಖಾಲಿ ಇರುತ್ತದೆ. ಬ್ಯಾಂಕಿನಲ್ಲಿ ಇನಿಷಿಯಲ್ ಹಿಂದೆ, ಪ್ಯಾನ್ ಕಾರ್ಡಿನಲ್ಲಿ ಮುಂದೆ, ಸಂಬಳದ ಚೀಟಿಯಲ್ಲಿ ಇಲ್ಲವೇ ಇಲ್ಲ. ನಮ್ಮ ಕಣ್ಣಿಗೆ ಎಲ್ಲವೂ ಒಬ್ಬನೇ. ಕೌಂಟರಿನ ಆಚೆ ಕೂತವರಿಗೆ ಮೂವರು ಬೇರೆ ಬೇರೆ ಮನುಷ್ಯರು.

ಸರ್‌ನೇಮ್ ಜಾಗ ಖಾಲಿ ಇದ್ದರೆ ಪಾಸ್‌ಪೋರ್ಟನ್ನೇ ಮೊದಲು ಮರುವಿತರಣೆ ಮಾಡಿಸಿ ಹೆಸರನ್ನು ಎರಡಾಗಿ ಒಡೆಯಿರಿ. ಆಮೇಲೆ ಬ್ಯಾಂಕು, ಕಂಪನಿ, ವಿಮೆ ಎಲ್ಲವನ್ನೂ ಪಾಸ್‌ಪೋರ್ಟಿನಂತೆ ತಿದ್ದಿಸಿ. ಇದಕ್ಕೇ ಎರಡು ತಿಂಗಳು ಇಟ್ಟುಕೊಳ್ಳಿ. ತಂದೆ ತಾಯಿಯ ಪೂರ್ಣ ಹೆಸರನ್ನೂ ಅಲ್ಲಿ ಪದೇ ಪದೇ ಕೇಳುತ್ತಾರೆ. ಅಮ್ಮನ ಹೆಸರು ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಒಂದು ಥರ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಥರ ಇದೆಯೇ ಅಂತ ಇವತ್ತೇ ತೆಗೆದು ನೋಡಿ.

ಹೆಜ್ಜೆ 5: ನಿಫ್, ಬ್ಯಾಂಕು, ಮನೆ — ಒಂದಕ್ಕೊಂದು ಗಂಟು

ವೀಸಾಕ್ಕೆ ಮನೆಯ ಕರಾರು ಬೇಕು. ಕರಾರಿಗೆ ನಿಫ್ ಬೇಕು. ಮಾಲೀಕರಿಗೆ ಅಲ್ಲಿನ ಬ್ಯಾಂಕ್ ಖಾತೆ ಬೇಕು. ಬ್ಯಾಂಕಿಗೆ ನಿಫ್ ಬೇಕು. ನೀವಿನ್ನೂ ವಿಜಯನಗರದ ಮನೆಯಲ್ಲಿ ಕೂತಿದ್ದೀರಿ.

ಈ ಗಂಟನ್ನು ನಿಫ್‌ನಿಂದಲೇ ಬಿಚ್ಚಬೇಕು. ಅದು ಒಂಬತ್ತು ಅಂಕಿಯ ತೆರಿಗೆ ಸಂಖ್ಯೆ, ನಮ್ಮ ಪ್ಯಾನ್ ಇದ್ದಂತೆ, ಆದರೆ ಇನ್ನೂ ಸರ್ವವ್ಯಾಪಿ. ಅಂಗಡಿಯಲ್ಲಿ ಬ್ರೆಡ್ ಕೊಂಡರೂ "ಕೊಂಟ್ರಿಬುಯಿಂಟ್?" ಅಂತ ಕೇಳುತ್ತಾರೆ, ಅಂದರೆ ಬಿಲ್ಲಿಗೆ ನಿಫ್ ಹಾಕಬೇಕೇ ಎಂದು. ಭಾರತದಲ್ಲಿದ್ದುಕೊಂಡೇ ವಕೀಲರ ಮೂಲಕ ಅಥವಾ ಆನ್‌ಲೈನ್ ಸೇವೆಗಳ ಮೂಲಕ ತೆಗೆಸಬಹುದು. ಅವರು ನಿಮ್ಮ ತೆರಿಗೆ ಪ್ರತಿನಿಧಿಯಾಗಿ ನಿಲ್ಲುತ್ತಾರೆ. ನೀವು ಅಲ್ಲಿಗೆ ಬಂದು ವಿಳಾಸ ಬದಲಿಸಿದ ಮೇಲೆ ಪ್ರತಿನಿಧಿಯನ್ನು ತೆಗೆಸಿಹಾಕಲು ಮರೆಯಬೇಡಿ. ವರ್ಷ ವರ್ಷ ಶುಲ್ಕ ಕೇಳುವವರಿದ್ದಾರೆ.

ಕೈಯಲ್ಲಿ ದುಡ್ಡಿದ್ದರೆ ನನ್ನ ಸಲಹೆ ಬೇರೆ. ಒಂದು ಪ್ರವಾಸಿ ವೀಸಾ ತೆಗೆದುಕೊಂಡು, ರಜೆ ಹಾಕಿ, ಎರಡು ವಾರ ಲಿಸ್ಬನ್‌ಗೆ ಹೋಗಿ ಬನ್ನಿ. ಆ ಹದಿನೈದು ದಿನಗಳಲ್ಲಿ ನಿಫ್, ಬ್ಯಾಂಕ್ ಖಾತೆ, ಮನೆ ಹುಡುಕಾಟ ಮೂರನ್ನೂ ಮುಟ್ಟಿ. ಕಾಣದ ಮನೆಗೆ ವರ್ಷದ ಕರಾರು ಬರೆದುಕೊಡುವುದಕ್ಕಿಂತ ವಿಮಾನದ ಟಿಕೆಟ್ ಅಗ್ಗ. ಹೋಟೆಲ್ ಬುಕಿಂಗನ್ನು ಮನೆಯ ಪುರಾವೆಯಾಗಿ ಕೊಟ್ಟು ವೀಸಾ ಸಿಕ್ಕವರೂ ಇರಬಹುದು, ಅದನ್ನು ನೆಚ್ಚಿಕೊಳ್ಳಬೇಡಿ.

ಮನೆಗಳನ್ನು ಟಿ-0, ಟಿ-1, ಟಿ-2 ಎಂದು ಕರೆಯುತ್ತಾರೆ. ಅಂಕಿ ಮಲಗುವ ಕೋಣೆಯದು, ಟಿ-1 ಅಂದರೆ ನಮ್ಮ ಒನ್ ಬಿಎಚ್‌ಕೆ. ನಗರದೊಳಗೆ ಟಿ-1ಕ್ಕೆ ಸುಮಾರು 1100ರಿಂದ 1400 ಯೂರೊ, ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಗೆ 500ರಿಂದ 700. ಇಡಿಯಲಿಸ್ಟಾ, ಇಮೊವಿರ್ಚುವಲ್ ಎಂಬ ಜಾಲತಾಣಗಳಲ್ಲಿ ಹುಡುಕಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇಲ್ಲಿನ "ಕೌಸಾಂವ್" ಹಗುರವೇ, ಒಂದೆರಡು ತಿಂಗಳ ಬಾಡಿಗೆ. ಆದರೆ "ಫಿಯದೋರ್" ಅಂತ ಜಾಮೀನುದಾರರನ್ನು ಕೇಳುತ್ತಾರೆ. ಪೋರ್ಚುಗಲ್‌ನಲ್ಲಿ ಆದಾಯವಿರುವ ಜಾಮೀನುದಾರ ಹೊಸಬರಿಗೆ ಎಲ್ಲಿಂದ ಬರಬೇಕು? ಆಗ ಮಾಲೀಕರು ಆರು ತಿಂಗಳ ಬಾಡಿಗೆ ಮುಂಗಡ ಕೇಳಿದ್ದೂ ಇದೆ. ಚೌಕಾಸಿ ಮಾಡಿ. ಕಂಪನಿಯ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಪೋರ್ಚುಗೀಸಿನಲ್ಲಿ ಅನುವಾದ ಮಾಡಿಸಿ ಮುಂದಿಟ್ಟರೆ ಕೆಲವರು ಮೆತ್ತಗಾಗುತ್ತಾರೆ.

ದುಡ್ಡು ಕೊಡುವ ಮುಂಚೆ "ಕಡರ್ನೆಟಾ ಪ್ರೆಡಿಯಾಲ್" ತೋರಿಸಿ ಅನ್ನಿ. ನಮ್ಮ ಖಾತಾ ಎಕ್‌ಸ್ಟ್ರಾಕ್ಟ್ ಇದ್ದ ಹಾಗೆ, ಮನೆ ಯಾರ ಹೆಸರಿನಲ್ಲಿದೆ ಅಂತ ಅದರಲ್ಲಿರುತ್ತದೆ. "ನಾನು ಈಗ ವಿದೇಶದಲ್ಲಿದ್ದೇನೆ, ದುಡ್ಡು ಹಾಕಿ, ಬೀಗದ ಕೈ ಕೊರಿಯರ್ ಮಾಡುತ್ತೇನೆ" ಅಂತ ನನಗೂ ಒಬ್ಬರು ಬರೆದಿದ್ದರು. ಫೋಟೊದಲ್ಲಿ ಮನೆ ಬಹಳ ಚೆನ್ನಾಗಿತ್ತು, ಬಾಡಿಗೆಯೂ ಅರ್ಧ. ಅಷ್ಟು ಸಾಕಲ್ಲ ಅನುಮಾನಕ್ಕೆ! ಕರಾರು ತೆರಿಗೆ ಇಲಾಖೆಯಲ್ಲಿ ನೋಂದಣಿಯಾಗಬೇಕು, ಪ್ರತಿ ತಿಂಗಳು ರಸೀದಿ ಬರಬೇಕು. ರಸೀದಿ ಬೇಡ ಅಂದರೆ ಬಾಡಿಗೆ ಕಮ್ಮಿ ಮಾಡುತ್ತೇನೆ ಅನ್ನುವವರ ಮನೆ ನಿಮ್ಮ ನಿವಾಸ ಕಾರ್ಡಿಗೆ ಕೆಲಸಕ್ಕೆ ಬರುವುದಿಲ್ಲ.

ಇನ್ನು ದಿಕ್ಕು. ನಮ್ಮಲ್ಲಿ ದಕ್ಷಿಣಕ್ಕೆ ಬಾಗಿಲಿದ್ದರೆ ಬಾಡಿಗೆಗೂ ಜನ ಹಿಂಜರಿಯುತ್ತಾರೆ. ಲಿಸ್ಬನ್‌ನಲ್ಲಿ ದಕ್ಷಿಣಕ್ಕೆ ಕಿಟಕಿಯಿರುವ ಮನೆಯನ್ನೇ ಹುಡುಕಿ, ವಾಸ್ತುವನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬನ್ನಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣದಲ್ಲೇ ತಗ್ಗಾಗಿ ಓಡಾಡುತ್ತಾನೆ. ಹಳೆಯ ಮನೆಗಳಿಗೆ ಬೆಚ್ಚಗಿಡುವ ವ್ಯವಸ್ಥೆ ಇರುವುದಿಲ್ಲ. ಉತ್ತರಕ್ಕೆ ಮುಖ ಮಾಡಿದ ಕೋಣೆಯಲ್ಲಿ ಹೊರಗಿಗಿಂತ ಒಳಗೇ ಚಳಿ ಹೆಚ್ಚು, ಗೋಡೆಯ ಮೂಲೆಗಳಲ್ಲಿ ಬೂಷ್ಟು. ಮಲೆನಾಡಿನವರಿಗೆ ಈ ವಾಸನೆ ಪರಿಚಿತ, ಆದರೆ ಇಲ್ಲಿ ಬೆಂಕಿ ಕಾಯಿಸಲು ಬಚ್ಚಲ ಒಲೆ ಇಲ್ಲ. ಮನೆ ನೋಡಲು ಹೋದಾಗ ಬೀರುವಿನ ಹಿಂದಿನ ಗೋಡೆ ಮುಟ್ಟಿ ನೋಡಿ, ಹೊಸದಾಗಿ ಸುಣ್ಣ ಬಳಿದ ಮೂಲೆ ಕಂಡರೆ ಅನುಮಾನಿಸಿ. ಗಾಳಿಯ ತೇವ ಹೀರುವ ಯಂತ್ರವೊಂದನ್ನು ಮೊದಲ ವಾರವೇ ಕೊಳ್ಳಿ.

ಯಾವ ಬಡಾವಣೆ? ಅಲ್ಫಾಮ, ಬೈರು ಆಲ್ಟು ನೋಡಲು ಚಂದ, ಇರಲು ಅಲ್ಲ: ಮೆಟ್ಟಿಲು, ಪ್ರವಾಸಿಗರು, ರಾತ್ರಿಯ ಗದ್ದಲ. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕಾದವರಿಗೆ ಅಲ್ವಲಾಡ್ ಅಥವಾ ಬೆನ್‌ಫಿಕ ಒಳ್ಳೆಯದು. ಸಮತಟ್ಟು ನೆಲ, ಮೆಟ್ರೊ, ಸಂಸಾರವಂದಿಗರ ಬೀದಿಗಳು. ಅರೊಯೋಸ್, ಆಂಜೋಸ್ ಕಡೆ ದಕ್ಷಿಣ ಏಷ್ಯಾದವರು ಹೆಚ್ಚು, ದಿನಸಿಗೆ ಅನುಕೂಲ. ನದಿಯಾಚೆ ಅಲ್ಮಾಡದಲ್ಲಿ ಬಾಡಿಗೆ ಇಳಿಯುತ್ತದೆ, ದೋಣಿಯಲ್ಲಿ ದಾಟಿ ಬರಬಹುದು. ಇಡೀ ಮಹಾನಗರಕ್ಕೆ ಬಸ್ಸು, ಮೆಟ್ರೊ, ರೈಲು, ದೋಣಿ ಎಲ್ಲ ಸೇರಿ ತಿಂಗಳ ಪಾಸು 40 ಯೂರೊ, ನಗರದೊಳಗಿನದು ಮಾತ್ರವಾದರೆ 30. ಇದರಷ್ಟು ಲಾಭದ ವ್ಯಾಪಾರ ಲಿಸ್ಬನ್‌ನಲ್ಲಿ ಇನ್ನೊಂದಿಲ್ಲ.

ಮನೆ ಸಿಕ್ಕ ದಿನ ಮಾಲೀಕರು "ಶಾವ್" ಅಂತ ಕೈಗೆ ಇಡುತ್ತಾರೆ. ಅದೇ ನಮ್ಮ ಉತ್ತರ ಕರ್ನಾಟಕದ ಚಾವಿ. ಬಟಾಟೆ, ಅನಾನಸು, ಪಾದ್ರಿ ಇವೂ ಇಲ್ಲಿಂದ ಗೋವೆಯ ಕಡೆ ಹಡಗೇರಿ ಬಂದ ಮಾತುಗಳೇ.

ಹೆಜ್ಜೆ 6: ಇಳಿದ ಮೇಲೆ ಮೊದಲ ಹದಿನೈದು ದಿನ

ಒಂದು ಫೈಲು ಮಾಡಿಕೊಳ್ಳಿ. ಪಾಸ್‌ಪೋರ್ಟ್, ವೀಸಾ, ಕರಾರು, ಕೆಲಸದ ಪತ್ರ, ಎಲ್ಲದರ ಎರಡೆರಡು ಪ್ರತಿ. ಎಲ್ಲ ಮೊಬೈಲಿನಲ್ಲಿದೆ ಅನ್ನುವ ಧೈರ್ಯ ಇಲ್ಲಿನ ಕೌಂಟರುಗಳಲ್ಲಿ ನಡೆಯುವುದಿಲ್ಲ.

ಮೊದಲು ತೆರಿಗೆ ಕಚೇರಿಯಲ್ಲಿ ವಿಳಾಸ ಬದಲಿಸಿ. ಅದರ ಜಾಲತಾಣಕ್ಕೆ ಗುಪ್ತಪದ ಕೋರಿದರೆ ಅದು ಅಂಚೆಯಲ್ಲಿ ಕಾಗದವಾಗಿ ಬರುತ್ತದೆ, ಹಾಗಾಗಿ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ಆಮೇಲೆ ಬಡಾವಣೆಯ ಆಡಳಿತ ಕಚೇರಿ, ಅಂದರೆ ಜುಂಟಾ ದ ಫ್ರೆಗೆಸಿಯಾ. ಅಲ್ಲಿ ವಾಸದ ದೃಢೀಕರಣ ಪತ್ರ. ಸಾಮಾಜಿಕ ಭದ್ರತೆಯ ನಿಸ್ ಸಂಖ್ಯೆ ಮುಂದಿನದು. ನಿವಾಸಿಯಾದ ಮೇಲೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ "ಉಟೆಂಟ್" ಸಂಖ್ಯೆ, ಅಂದರೆ ಚಿಕಿತ್ಸೆಗೆ ಬೇಕಾದ ನೋಂದಣಿ ಸಂಖ್ಯೆ. ತುರ್ತಿಗೆ 112 ನೆನಪಿರಲಿ, ವೈದ್ಯರ ಸಲಹೆಗೆ 808 24 24 24.

ಎಲ್ಲ ಕಡೆ ಒಳಗೆ ಹೋದ ಕೂಡಲೇ ಯಂತ್ರದಿಂದ ಒಂದು ಟೋಕನ್ ಹರಿದುಕೊಳ್ಳಬೇಕು. ಅದಕ್ಕೆ "ಸೆಞ" ಅನ್ನುತ್ತಾರೆ. ಒಂದನೇ ತರಗತಿಯಲ್ಲಿ ಕಲಿತು ಆಮೇಲೆ ಎಲ್ಲೂ ಒಂಟಿಯಾಗಿ ಕೆಲಸಕ್ಕೆ ಬಾರದ ಞ ಅಕ್ಷರಕ್ಕೆ ಕೊನೆಗೂ ಒಂದು ಉದ್ಯೋಗ ಸಿಕ್ಕಿದ್ದು ನನಗೆ ಲಿಸ್ಬನ್ನಿನಲ್ಲಿ. ಧನ್ಯವಾದ ಹೇಳುವಾಗ ಗಂಡಸರು "ಒಬ್ರಿಗಾದು" ಅನ್ನಬೇಕು, ಹೆಂಗಸರು "ಒಬ್ರಿಗಾದ". "ಬೊಂ ದೀಯ", ಅಂದರೆ ಶುಭೋದಯ, ಅನ್ನದೆ ನೇರವಾಗಿ ಕೆಲಸದ ಮಾತಿಗೆ ಇಳಿದರೆ ಕೌಂಟರಿನವರ ಮುಖ ಗಂಟಾಗುತ್ತದೆ.

ಐಮಾ ಹಳೆಯ ವಲಸೆ ಇಲಾಖೆಯ ಜಾಗದಲ್ಲಿ 2023ರ ಅಕ್ಟೋಬರ್ 29ರಂದು ಶುರುವಾದದ್ದು. ಹುಟ್ಟುವಾಗಲೇ ಲಕ್ಷಗಟ್ಟಲೆ ಬಾಕಿ ಕಡತ ಹೊತ್ತುಕೊಂಡು ಬಂತು. ಹಾಗಾಗಿ ಕಾರ್ಡು ತಡವಾಗಬಹುದು ಅಂತಲೇ ಲೆಕ್ಕ ಹಾಕಿಕೊಳ್ಳಿ. ಕಾರ್ಡು ಕೈಗೆ ಬರುವವರೆಗೆ ತಂಗಿಯ ಮದುವೆಗೆ, ಹಬ್ಬಕ್ಕೆ ಎಂದು ಟಿಕೆಟ್ ಮಾಡಿಸಬೇಡಿ. ವೀಸಾದ ನಾಲ್ಕು ತಿಂಗಳು ಮುಗಿದು ಕಾರ್ಡೂ ಇಲ್ಲದಿದ್ದರೆ ಹೊರಗೆ ಹೋದವರು ಹಿಂದಿರುಗಿ ಬರುವುದು ಕಷ್ಟ.

ಹೆಜ್ಜೆ 7: ತೆರಿಗೆ — ಇದನ್ನು ಯೂಟ್ಯೂಬ್ ನೋಡಿ ಮಾಡಬೇಡಿ

ಹೊಸ ನಿವಾಸಿಗಳಿಗೆ ಶೇ. 20ರ ಸಲೀಸು ತೆರಿಗೆ ಅಂತ ವಿಡಿಯೊಗಳು ಈಗಲೂ ಓಡುತ್ತಿವೆ. 2009ರಲ್ಲಿ ಬಂದ ಆ ಯೋಜನೆಗೆ 2024ರಿಂದ ಹೊಸಬರಿಗೆ ಬಾಗಿಲು ಮುಚ್ಚಿದೆ. ಬದಲಿಗೆ ಬಂದದ್ದು ಸಂಶೋಧನೆಯಂಥ ಕೆಲವೇ ವೃತ್ತಿಗಳಿಗೆ. ಉಳಿದ ನಮಗೆಲ್ಲ ಮಾಮೂಲಿ ಏರು ದರ, ಮೇಲಿನ ಹಂತದಲ್ಲಿ ಶೇ. 48.

ಹನ್ನೆರಡು ತಿಂಗಳಲ್ಲಿ 183 ದಿನ ದಾಟಿದರೆ, ಅಥವಾ ಅದಕ್ಕೂ ಮುಂಚೆ ಅಲ್ಲಿ ಕಾಯಂ ಮನೆ ಮಾಡಿದರೆ, ನೀವು ಅಲ್ಲಿನ ತೆರಿಗೆ ನಿವಾಸಿ. ಆಗ ಪ್ರಪಂಚದ ಯಾವ ಮೂಲೆಯ ಆದಾಯವಾದರೂ ಅಲ್ಲಿ ತೋರಿಸಬೇಕು, ಜಯನಗರದ ಮನೆಯ ಬಾಡಿಗೆಯನ್ನೂ. ಎರಡು ದೇಶಗಳ ನಡುವೆ ಇಮ್ಮಡಿ ತೆರಿಗೆ ತಪ್ಪಿಸುವ ಒಪ್ಪಂದ ಇದೆ, ಆದರೆ ಅದು ತಾನಾಗಿ ಕೆಲಸ ಮಾಡುವುದಿಲ್ಲ. ಸಂಬಳ ಭಾರತದ ಖಾತೆಗೇ ಬೀಳುತ್ತಿದ್ದು ಟಿಡಿಎಸ್ ಕಡಿತವಾಗುತ್ತಿದ್ದರೆ, ಯಾವುದು ಎಲ್ಲಿ ಕಟ್ಟಬೇಕು, ಯಾವುದನ್ನು ಎಲ್ಲಿ ವಾಪಸು ಕೇಳಬೇಕು ಎನ್ನುವುದಕ್ಕೆ ಎರಡೂ ಕಡೆ ಒಬ್ಬೊಬ್ಬ ಲೆಕ್ಕಿಗರು ಬೇಕು. ಇಬ್ಬರನ್ನೂ ಒಂದೇ ಕರೆಯಲ್ಲಿ ಕೂರಿಸಿ ಮಾತಾಡಿಸಿ, ಬೇರೆ ಬೇರೆ ಕೇಳಿದರೆ ಬೇರೆ ಬೇರೆ ಉತ್ತರ ಬರುತ್ತದೆ. ಕಂಪನಿಯೇ ನಿಮ್ಮನ್ನು ನಿಯೋಜಿಸಿ ಕಳಿಸಿದ್ದರೆ ಪಿಎಫ್ ಮುಂದುವರಿಸುವ ದಾರಿ ಇದೆ. ಭಾರತ ಮತ್ತು ಪೋರ್ಚುಗಲ್ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರಿಂದ ಜಾರಿಯಲ್ಲಿದೆ, ಪಿಎಫ್ ಕಚೇರಿಯಿಂದ ಪ್ರಮಾಣಪತ್ರ ತೆಗೆಸಿ.

ಗುತ್ತಿಗೆದಾರರಾಗಿ ಬಂದವರು "ರೆಸೀಬುಸ್ ವೆರ್ದೆಸ್", ಅಂದರೆ ಹಸಿರು ರಸೀದಿ ಪದ್ಧತಿಗೆ ಸೇರುತ್ತಾರೆ. ಹೆಸರಷ್ಟೇ ಹಸಿರು, ಈಗ ಎಲ್ಲ ಆನ್‌ಲೈನ್. ತಿಂಗಳಿಗೆ 4000 ಯೂರೊ ಬಿಲ್ ಮಾಡುವವರ ಲೆಕ್ಕ ನೋಡೋಣ. ಸರಳ ಪದ್ಧತಿಯಲ್ಲಿ ಸಾಫ್ಟ್‌ವೇರಿನಂಥ ಸೇವೆಗಳಿಗೆ ಆದಾಯದ ಶೇ. 75 ಮಾತ್ರ ತೆರಿಗೆಗೆ ಒಳಪಡುತ್ತದೆ, ವರ್ಷದ 48 ಸಾವಿರದಲ್ಲಿ 36 ಸಾವಿರ. ಬಿಟ್ಟ ಭಾಗಕ್ಕೂ ಒಂದಿಷ್ಟು ಖರ್ಚಿನ ಬಿಲ್ಲು ತೋರಿಸಬೇಕು. ಅಂಗಡಿಯಲ್ಲಿ ಕೇಳಿದಾಗ ಬಿಲ್ಲಿಗೆ ನಿಫ್ ಹಾಕಿಸಬೇಕಾದದ್ದು ಇದಕ್ಕೇ. ಸಾಮಾಜಿಕ ಭದ್ರತೆಗೆ ಆದಾಯದ ಶೇ. 70ರ ಮೇಲೆ ಶೇ. 21.4: ತಿಂಗಳಿಗೆ ಸುಮಾರು 599 ಯೂರೊ. ಮೊದಲ ಹನ್ನೆರಡು ತಿಂಗಳು ಇದಕ್ಕೆ ವಿನಾಯಿತಿ ಇದೆ. ಆ ಒಂದು ವರ್ಷದ ಸುಖ ನೋಡಿ ಲಿಸ್ಬನ್ ಅಗ್ಗ ಅಂದುಕೊಂಡವರು ಹದಿಮೂರನೇ ತಿಂಗಳು ಬೆಚ್ಚಿಬೀಳುತ್ತಾರೆ. ತೆರಿಗೆ ವಿವರ ಸಲ್ಲಿಸುವುದು ಏಪ್ರಿಲ್ 1ರಿಂದ ಜೂನ್ 30ರೊಳಗೆ.

ಭಾರತದ ಕಡೆ ಮರೆಯುವ ಕೆಲಸ ಒಂದು: ಅನಿವಾಸಿಯಾದ ಮೇಲೆ ಮಾಮೂಲಿ ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ, ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಹೊರಡುವ ಮುಂಚೆಯೇ ಶಾಖೆಗೆ ಹೋಗಿ ಫಾರಂ ತಂದಿಟ್ಟುಕೊಳ್ಳಿ. ಒಟಿಪಿ ಬರುವ ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸದೆ ವಿಮಾನ ಹತ್ತಬೇಡಿ.

ಹೆಜ್ಜೆ 8: ಕೆಲಸದ ಮೇಜು, ಇಂಟರ್‌ನೆಟ್, ಕರೆಂಟು

ಫೈಬರ್ ಇಂಟರ್‌ನೆಟ್ ವೇಗಕ್ಕೆ ತಕರಾರಿಲ್ಲ. ತಕರಾರು ಕರಾರಿನದು. ಮೆಯೊ, ನೊಸ್, ವೊಡಾಫೋನ್‌ನಂಥ ಕಂಪನಿಗಳ ಮಾಮೂಲಿ ಯೋಜನೆಗಳಲ್ಲಿ "ಫಿದೆಲಿಜಸಾಂವ್" ಎಂಬ 24 ತಿಂಗಳ ಗಂಟಿರುತ್ತದೆ. ವರ್ಷಕ್ಕೇ ಹೊರಡುವವರಾದರೆ ಗಂಟಿಲ್ಲದ ಯೋಜನೆ ಕೇಳಿ, ಅಳವಡಿಕೆಯ ಖರ್ಚು ಕೈಯಿಂದ ಕೊಟ್ಟುಬಿಡಿ.

ಕರೆಂಟು ಹೋಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. 2025ರ ಏಪ್ರಿಲ್ 28ರ ಸೋಮವಾರ ಬೆಳಗ್ಗೆ ಹನ್ನೊಂದೂವರೆಗೆ ಸ್ಪೇನ್, ಪೋರ್ಚುಗಲ್ ಎರಡೂ ದೇಶಗಳಲ್ಲಿ ಒಟ್ಟಿಗೆ ಹೋಯಿತು. ಮೆಟ್ರೊ ನಿಂತಿತು, ಸಿಗ್ನಲ್ ದೀಪ ಆರಿದವು, ಸ್ವಲ್ಪ ಹೊತ್ತಿಗೆ ಮೊಬೈಲೂ ಸತ್ತಿತು. ಜನ ಅಂಗಡಿಗಳಲ್ಲಿ ಮೇಣದಬತ್ತಿ, ಬ್ಯಾಟರಿ ರೇಡಿಯೊ ಹುಡುಕಿದರು. ಕಾರ್ಡು ಯಂತ್ರ ನಡೆಯದೆ, ಜೇಬಿನಲ್ಲಿ ನೋಟಿದ್ದವರೇ ಶ್ರೀಮಂತರಾದರು. ದೀಪ ಮರಳಿದ್ದು ರಾತ್ರಿ. ಯುಪಿಎಸ್ ಇಲ್ಲದ ಮನೆಯನ್ನು ಬೆಂಗಳೂರಿನವರು ಮನೆ ಅಂತಲೇ ಕರೆಯುವುದಿಲ್ಲ. ಇಲ್ಲಿ ಯಾರ ಮನೆಯಲ್ಲೂ ಇಲ್ಲ. ರೂಟರಿಗೆ ಒಂದು ಚಿಕ್ಕ ಬ್ಯಾಟರಿ, ಲ್ಯಾಪ್‌ಟಾಪಿಗೆ ಒಂದು ದೊಡ್ಡ ಪವರ್ ಬ್ಯಾಂಕ್, ಐವತ್ತು ಯೂರೊ ನಗದು. ನಮ್ಮ ಮೂರು ಗುಂಡು ಪಿನ್ನಿನ ಪ್ಲಗ್ಗು ಇಲ್ಲಿ ಹಿಡಿಯುವುದಿಲ್ಲ, ಊರಿಂದ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಂದು ಅದಕ್ಕೊಂದೇ ಅಡಾಪ್ಟರ್ ಹಾಕಿ.

ಕೋವರ್ಕಿಂಗ್ ಜಾಗಗಳು ತಿಂಗಳಿಗೆ ಸುಮಾರು 150ರಿಂದ 250 ಯೂರೊ. ಬೆಳಗಿನ ಜಾವ ತೆರೆದಿರುತ್ತದೆಯೇ ಅಂತ ಮೊದಲು ಕೇಳಿ. ಮಧ್ಯಾಹ್ನದ ಓದು ಬರಹಕ್ಕೆ ಕಾಂಪು ಪೆಕೆನು ಹತ್ತಿರದ ಗಲ್ವೆಯಾಸ್ ಅರಮನೆಯ ಪುರಸಭೆ ಗ್ರಂಥಾಲಯ ಇದೆ, ಪುಕ್ಕಟೆ, ತೋಟವಿದೆ. ಒಂದು ಬಿಕ ಕಾಫಿ ಇಟ್ಟುಕೊಂಡು ಕೆಫೆಯಲ್ಲಿ ಮೂರು ಗಂಟೆ ಕೂರುವ ಅಭ್ಯಾಸ ಬೇಡ. ಲ್ಯಾಪ್‌ಟಾಪ್ ಬೇಡ ಎಂಬ ಚೀಟಿ ಅಂಟಿಸಿದ ಮೇಜುಗಳು ಹೆಚ್ಚುತ್ತಿವೆ. ಬಾಡಿಗೆ ಏರಿ ಹಳೆಯ ನಿವಾಸಿಗಳು ಊರಾಚೆ ಹೋಗಬೇಕಾಗಿ ಬಂದಿರುವುದಕ್ಕೆ ಲಿಸ್ಬನ್ ಜನ ನಮ್ಮಂಥವರನ್ನೂ ದೂರುತ್ತಾರೆ, ಅದರಲ್ಲಿ ಸ್ವಲ್ಪ ನಿಜವೂ ಇದೆ.

ಅಡುಗೆ ಮನೆಯ ಮಾತು

ಮಾರ್ಟಿಂ ಮೊನೀಸ್ ಚೌಕದ ಹಿಂದೆ ಬೆನ್‌ಫಾರ್ಮೊಸು ಬೀದಿಯಲ್ಲಿ ತೊಗರಿಬೇಳೆ, ಸಾಸಿವೆ, ಹುಣಸೆಹಣ್ಣು ಸಿಗುತ್ತವೆ. ಪೋರ್ಚುಗೀಸರದೇ "ಕರೊಲಿನು" ಅಕ್ಕಿ ಮೊಸರನ್ನಕ್ಕೂ ಬಿಸಿಬೇಳೆ ಬಾತಿಗೂ ಹೇಳಿ ಮಾಡಿಸಿದ್ದು, ಬಾಸುಮತಿಗೆ ದುಡ್ಡು ಸುರಿಯಬೇಡಿ. ರಾಗಿ ಹಿಟ್ಟು, ಸಾರಿನ ಪುಡಿ ಊರಿಂದ ತನ್ನಿ. ಆದರೆ ಅಮ್ಮ ಕಾಯಿಸಿ ಕೊಟ್ಟ ತುಪ್ಪ ತರುವಂತಿಲ್ಲ; ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧವಿದೆ. ಹಸಿ ಕರಿಬೇವಿನ ಕಟ್ಟನ್ನೂ ಚೀಲಕ್ಕೆ ತುರುಕಬೇಡಿ. ಇಲ್ಲಿನ ಉಪ್ಪಿಲ್ಲದ ಬೆಣ್ಣೆ ಕೊಂಡು ಮನೆಯಲ್ಲೇ ಕಾಯಿಸಿದರೆ ಆಯಿತು.

ಸಸ್ಯಾಹಾರಿಗಳು ಸೂಪಿನ ವಿಷಯದಲ್ಲಿ ಎಚ್ಚರ. ಕಾಲ್ದು ವೆರ್ದ್ ಹಸಿರಾಗಿ ಕಾಣುತ್ತದೆ, ತಳದಲ್ಲಿ ಹಂದಿಮಾಂಸದ ತುಂಡಿರುತ್ತದೆ. "ಸೆಂ ಕಾರ್ನ್, ಸೆಂ ಪೆಯ್ಷ್" ಅನ್ನಿ, ಮಾಂಸ ಬೇಡ, ಮೀನು ಬೇಡ.

ಹೊರಡುವಾಗ

ವರ್ಷ ಮುಗಿಸಿ ಹಿಂದಿರುಗುವವರು ಮನೆ ಖಾಲಿ ಮಾಡಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ತೆರಿಗೆ ಜಾಲತಾಣದಲ್ಲಿ ನಿಮ್ಮ ವೃತ್ತಿ ಚಟುವಟಿಕೆಯನ್ನು ಮುಚ್ಚದೆ ಬಂದರೆ, ಒಂದು ಕಾಸೂ ದುಡಿಯದಿದ್ದರೂ ಸಾಮಾಜಿಕ ಭದ್ರತೆಯಲ್ಲಿ ತಿಂಗಳಿಗೆ ಕನಿಷ್ಠ 20 ಯೂರೊ ಏರುತ್ತಾ ಹೋಗುತ್ತದೆ, ಬಡ್ಡಿ ಸಮೇತ. ಮೊದಲು ಅದನ್ನು ಮುಚ್ಚಿ, ಆಮೇಲೆ ವಿಳಾಸವನ್ನು ಭಾರತಕ್ಕೆ ಬದಲಿಸಿ. ಕರಾರಿನಲ್ಲಿ ಬರೆದಷ್ಟು ದಿನ ಮುಂಚಿತವಾಗಿ ಮಾಲೀಕರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಹಾಕಿ. ವಾಟ್ಸ್ಆ್ಯಪ್ ಸಂದೇಶ ಲೆಕ್ಕಕ್ಕಿಲ್ಲ. ಕೌಸಾಂವ್ ವಾಪಸು ಬರುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ. ಮನೆಗೆ ಬಂದ ಮೊದಲ ದಿನ ತೆಗೆದ ಗೋಡೆಯ ಫೋಟೊಗಳು, ಆ ಬೂಷ್ಟಿನ ಮೂಲೆಯದೂ ಸೇರಿ, ಈಗ ಕೆಲಸಕ್ಕೆ ಬರುತ್ತವೆ.